ನಕ್ಷೆಯ ಬೀಗ ಯಾವುದಕ್ಕೆ ಬಿದ್ದಿದೆ? ಜಿಪಿಎಸ್ ಕೊಳ್ಳುವ ಮಲೆನಾಡಿನವರಿಗೆ

ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಕೂತು, ಆಗಷ್ಟೇ ಬಂದಿದ್ದ ಜಿಪಿಎಸ್ ಆನ್ ಮಾಡಿದೆ. ಸೆಕೆಂಡ್ ಹ್ಯಾಂಡ್ ಡಿವೈಸ್. ಪರದೆಯ ಮೇಲೆ ಒಂದೇ ಸಾಲು ಬಂತು: 'ಕೆನಾಟ್ ಅನ್‌ಲಾಕ್ ಮ್ಯಾಪ್ಸ್', ಅಂದರೆ ನಕ್ಷೆಯ ಬೀಗ ತೆಗೆಯಲು ಆಗುತ್ತಿಲ್ಲ. ಮಾರಿದವರು ಡಿವೈಸ್ ಜೊತೆ ನಕ್ಷೆಯ ಡಿವಿಡಿಯನ್ನೂ ಕೊಟ್ಟಿದ್ದರು, ಅದಕ್ಕೆ ಬೇರೆಯಾಗಿ ದುಡ್ಡನ್ನೂ ತೆಗೆದುಕೊಂಡಿದ್ದರು. ಆ ಡಿವಿಡಿಯ ಬೀಗ ತೆಗೆಯುವ ಅಕ್ಷರಗಳ ಕೀ ಬೇರೆ ಯಾವುದೋ ಡಿವೈಸ್‌ಗೆ ಎಂದೋ ಬಳಕೆಯಾಗಿ ಹೋಗಿತ್ತು. ಫೋನ್ ಮಾಡಿದರೆ "ನಮ್ಮಲ್ಲಿ ಸರಿಯಾಗೇ ಇತ್ತಲ್ಲ" ಅಂದರು. ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ನಮ್ಮ ಕಡೆಯ ಎಷ್ಟೋ ಜನರಿಗೆ ಜಿಪಿಎಸ್ ಆರಿಸಿ ಕೊಟ್ಟಿದ್ದೇನೆ. ಚಾರಣಕ್ಕೆ ಹೋಗುವ ಹುಡುಗರು, ತೋಟದ ಗಡಿ ಗುರುತು ಹಾಕಿಕೊಳ್ಳಬೇಕು ಅನ್ನುವವರು, ಜೀಪಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವರು. ಎಲ್ಲರೂ ಡಿವೈಸ್ ಬಗ್ಗೆ ಚೆನ್ನಾಗಿ ವಿಚಾರಿಸುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮಳೆಗೆ ತಡೆಯುತ್ತದಾ, ಪರದೆ ಎಷ್ಟು ದೊಡ್ಡದು. ನಕ್ಷೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಡಿವೈಸ್ ಒಳಗೇ ಇರುತ್ತದೆ ಅಂದುಕೊಂಡಿರುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಗಾರ್ಮಿನ್ ಡಿವೈಸ್‌ಗಳವು, ಯಾಕೆಂದರೆ ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಅವೇ.

ಮೊದಲು: ನಿಮಗೆ ಬೇರೆ ಡಿವೈಸ್ ಬೇಕಾ?

ಶಿವಮೊಗ್ಗದಿಂದ ಸಾಗರಕ್ಕೋ ಶೃಂಗೇರಿಗೋ ಕಾರಿನಲ್ಲಿ ಹೋಗಿ ಬರುವುದಕ್ಕೆ ಫೋನೇ ಸಾಕು. ಫೋನಿನ ಜಿಪಿಎಸ್‌ಗೆ ಟವರ್ ಬೇಕಿಲ್ಲ, ಅದು ನೇರವಾಗಿ ಉಪಗ್ರಹದ ಸಿಗ್ನಲ್ ಹಿಡಿಯುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು ಮಾತ್ರ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್ಎಂಆಂಡ್ ಆ್ಯಪ್ ಹಾಕಿಕೊಂಡು, ಮನೆಯ ವೈಫೈನಲ್ಲಿ ಕರ್ನಾಟಕದ ನಕ್ಷೆ ಇಳಿಸಿಟ್ಟುಕೊಳ್ಳಿ. ಆಗುಂಬೆ ಘಾಟಿಯಲ್ಲಿ ಸಿಗ್ನಲ್ ಹೋದರೂ ದಾರಿ ಕಾಣುತ್ತಿರುತ್ತದೆ.

ಬೇರೆ ಡಿವೈಸ್ ಬೇಕಾಗುವುದು ಮಳೆಯಲ್ಲಿ, ಕಾಡಿನಲ್ಲಿ, ದಿನಗಟ್ಟಲೆ ನಡೆಯುವಾಗ. ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ. ಇಟ್ರೆಕ್ಸ್ 22ಎಕ್ಸ್ ಥರದ ಡಿವೈಸ್‌ಗೆ ಬಟನ್ ಇರುತ್ತದೆ, ಎರಡು ಪೆನ್ಸಿಲ್ ಸೆಲ್ ಹಾಕಿದರೆ ಕಂಪನಿ ಹೇಳುವ ಲೆಕ್ಕದಲ್ಲಿ 25 ಗಂಟೆ ಬರುತ್ತದೆ. ಸೆಲ್ ಮುಗಿದರೆ ಹೊಸನಗರದ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ. ಇಷ್ಟು ಅಗತ್ಯ ಇದ್ದರೆ ಮುಂದಕ್ಕೆ ಓದಿ.

ವಿದೇಶದಲ್ಲಿರುವ ಮಕ್ಕಳು, ನೆಂಟರ ಕೈಲಿ ತರಿಸುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇನ್‌ರೀಚ್ ಸೌಲಭ್ಯ ಇರುವ ಡಿವೈಸ್ ತರಿಸಬೇಡಿ. ಅವು ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳು. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಗೊತ್ತಿಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸ್ ಆದವರಿದ್ದಾರೆ. ಜಿಪಿಎಸ್‌ಮ್ಯಾಪ್ 66ಐ ನೋಡುವುದಕ್ಕೆ 66 ಸಾಲಿನ ಬೇರೆ ಮಾಡೆಲ್‌ಗಳ ಹಾಗೇ ಇರುತ್ತದೆ, ಆದರೆ ಅದರಲ್ಲಿ ಇನ್‌ರೀಚ್ ಇದೆ. ಹೆಸರಿನ ಕೊನೆಯ ಒಂದು ಅಕ್ಷರವನ್ನೂ ಓದಿ ಕೊಳ್ಳಿ. ಸಿಗ್ನಲ್ ಬರೀ ಪಡೆಯುವ ಸಾಮಾನ್ಯ ಜಿಪಿಎಸ್‌ಗೆ ಈ ತೊಂದರೆ ಇಲ್ಲ.

ಬೀಗ ಎಲ್ಲಿದೆ ಅಂತ ಕೇಳಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದುಡ್ಡು ಕೊಟ್ಟು ಕೊಳ್ಳುವ ನಕ್ಷೆಗೆ ಒಂದು ಬೀಗ ಇರುತ್ತದೆ. ಆ ಬೀಗ ಯಾವುದಕ್ಕೆ ಬಿದ್ದಿದೆ ಅನ್ನುವುದು ಒಂದೊಂದು ಥರ.

ಹಳೆಯ ಪದ್ಧತಿ ಡಿವಿಡಿಯದು. ಅದರ ಪೆಟ್ಟಿಗೆಯಲ್ಲಿ 8 ಅಕ್ಷರದ ಒಂದು ಕೀ ಇರುತ್ತದೆ. ಪ್ರತಿ ಗಾರ್ಮಿನ್ ಡಿವೈಸ್‌ಗೂ ಯೂನಿಟ್ ಐಡಿ ಅಂತ ಅದರದೇ ಸಂಖ್ಯೆ ಇದೆ. ಕೀ ಮತ್ತು ಯೂನಿಟ್ ಐಡಿ ಎರಡನ್ನೂ ಸೇರಿಸಿದಾಗ 25 ಅಕ್ಷರದ ಅನ್‌ಲಾಕ್ ಕೋಡ್ ಹುಟ್ಟುತ್ತದೆ. ಆ ಕೋಡ್ ಆ ಒಂದು ಡಿವೈಸ್‌ಗೆ ಮಾತ್ರ ಹೊಂದುತ್ತದೆ. ಒಮ್ಮೆ ಬಳಸಿದ ಕೀಯನ್ನು ಇನ್ನೊಂದು ಡಿವೈಸ್‌ಗೆ ಹಾಕಲು ಬರುವುದಿಲ್ಲ. ನನಗೆ ಆದದ್ದು ಇದೇ. ಅದಕ್ಕೆ ಹೇಳುತ್ತೇನೆ: ಸೀಲ್ ಒಡೆದ ನಕ್ಷೆಯ ಡಿವಿಡಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಳೆಯ ಡಿವೈಸ್ ಒಳಗೇ ನಕ್ಷೆ ಅನ್‌ಲಾಕ್ ಆಗಿ ಕೂತಿದ್ದರೆ ಆ ಮಾತೇ ಬೇರೆ, ಅದು ಡಿವೈಸ್ ಜೊತೆಯಲ್ಲೇ ನಿಮ್ಮ ಕೈಗೆ ಬರುತ್ತದೆ.

ಎರಡನೆಯದು ಮೈಕ್ರೋ ಎಸ್‌ಡಿ ಕಾರ್ಡ್. ನಕ್ಷೆಯನ್ನು ಕಂಪನಿಯವರೇ ತುಂಬಿ ಮಾರುತ್ತಾರೆ. ಇಲ್ಲಿ ಬೀಗ ಇರುವುದು ಕಾರ್ಡ್‌ಗೆ. ಇವತ್ತು ನಿಮ್ಮ ಡಿವೈಸ್‌ಗೆ, ನಾಳೆ ತಮ್ಮನ ಡಿವೈಸ್‌ಗೆ ಹಾಕಬಹುದು. ಆದರೆ ಬೇರೆ ಕಾರ್ಡ್‌ಗೆ ಕಾಪಿ ಮಾಡಿದರೆ ಕೆಲಸ ಮಾಡುವುದಿಲ್ಲ. ಕಾರ್ಡ್ ಕಳೆದರೆ ನಕ್ಷೆಯೂ ಹೋಯಿತು. ಉಗುರಿನಷ್ಟು ಚಿಕ್ಕ ಕಾರ್ಡ್ ಅದು, ಮಳೆಯಲ್ಲಿ ಕಾಡಿನ ನಡುವೆ ತೆಗೆದು ಬದಲಾಯಿಸಲು ಹೋಗಬೇಡಿ.

ಮೂರನೆಯದು ಡೌನ್‌ಲೋಡ್. ಕಂಪನಿಯ ತಾಣದಲ್ಲಿ ದುಡ್ಡು ಕಟ್ಟಿ, ಗಾರ್ಮಿನ್ ಎಕ್ಸ್‌ಪ್ರೆಸ್ ಅನ್ನುವ ತಂತ್ರಾಂಶದ ಮೂಲಕ ಇಳಿಸಿಕೊಳ್ಳುವುದು. ಇದರ ಬೀಗ ಮತ್ತೆ ಡಿವೈಸ್‌ಗೇ. ಕಾರಿನ ಜಿಪಿಎಸ್‌ಗಳಲ್ಲಿ 'ಲೈಫ್‌ಟೈಮ್ ಮ್ಯಾಪ್ಸ್' ಅಂತ ಬರೆದಿರುವುದನ್ನು ನೋಡಿರುತ್ತೀರಿ. ಆ ಲೈಫ್‌ಟೈಮ್ ಡಿವೈಸ್‌ದು, ನಿಮ್ಮದಲ್ಲ. ಹೊಸ ಡಿವೈಸ್ ಕೊಂಡರೆ ಹಳೆಯದರ ನಕ್ಷೆ ಹಿಂದೆ ಬರುವುದಿಲ್ಲ.

ಹಾಗಾಗಿ ಅಂಗಡಿಯವರ ಹತ್ತಿರ ನೇರವಾಗಿ ಕೇಳಿ: "ಈ ನಕ್ಷೆ ಡಿವೈಸ್‌ಗೆ ಲಾಕ್ ಆಗಿದೆಯಾ, ಕಾರ್ಡ್‌ಗಾ?" ಸರಿಯಾದ ಉತ್ತರ ಬರಲಿಲ್ಲ ಅಂದರೆ ಅಲ್ಲಿ ಕೊಳ್ಳಬೇಡಿ.

ದುಡ್ಡು ಕೊಡುವ ಮುಂಚೆ

ಡಿವೈಸ್ ಆನ್ ಮಾಡಿಸಿ. ಸೆಟಪ್‌ಗೆ ಹೋಗಿ ಅಬೌಟ್ ಒತ್ತಿದರೆ ಯೂನಿಟ್ ಐಡಿ ಕಾಣುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಹೊಸದಾದರೆ ಸೀರಿಯಲ್ ನಂಬರನ್ನು ಬಿಲ್ ಮೇಲೆ ಬರೆಸಿ. ವಾರಂಟಿಯಲ್ಲಿ ಡಿವೈಸ್ ಬದಲಾಯಿಸಿ ಕೊಟ್ಟರೆ ಯೂನಿಟ್ ಐಡಿಯೂ ಬದಲಾಗುತ್ತದೆ, ಹಳೆಯ ಕೋಡ್ ಕೆಲಸಕ್ಕೆ ಬರುವುದಿಲ್ಲ. ಆಗ ಕಂಪನಿಯ ಸಹಾಯ ವಿಭಾಗಕ್ಕೆ ಹಳೆಯ ನಂಬರು, ಹೊಸ ನಂಬರು, ಬಿಲ್ ಮೂರನ್ನೂ ತೋರಿಸಿ ನಕ್ಷೆಯನ್ನು ವರ್ಗಾಯಿಸಿಕೊಡಿ ಅಂತ ಕೇಳಬೇಕು. ಬಿಲ್ ಇಲ್ಲದಿದ್ದರೆ ಕೇಳುವುದಕ್ಕೆ ಬಾಯಿಯೇ ಇರುವುದಿಲ್ಲ.

ಆಮೇಲೆ ನಕ್ಷೆಯನ್ನು ತೆರೆದು ನಿಮ್ಮ ಊರಿಗೆ ಹೋಗಿ. ಬೆಂಗಳೂರು ಹೇಗೆ ಕಾಣುತ್ತದೆ ಅಂತ ನೋಡಿ ಪ್ರಯೋಜನ ಇಲ್ಲ. ಡಿವೈಸ್ ಜೊತೆ ಬರುವ ಬೇಸ್‌ಮ್ಯಾಪ್‌ನಲ್ಲಿ ದೊಡ್ಡ ಊರು, ದೊಡ್ಡ ರಸ್ತೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅಮೆರಿಕಕ್ಕೆಂದು ಮಾರಿದ ಡಿವೈಸ್‌ನಲ್ಲಿ ಅಲ್ಲಿನ ಬೀದಿ ಬೀದಿಯೂ ಇರಬಹುದು, ತೀರ್ಥಹಳ್ಳಿ ಮಾತ್ರ ಒಂದು ಚುಕ್ಕೆ.

ನಕ್ಷೆ ಎಷ್ಟು ಹಳೆಯದು ಅಂತ ತಿಳಿಯಲು ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಗುರುತುಗಳಿವೆ. ಊರಿನ ಹೆಸರು 'ಶಿಮೊಗ' ಅಂತ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿದ್ದರೆ ಅದು 2014ರ ನವೆಂಬರ್‌ಗೆ ಮುಂಚಿನ ಮಾಹಿತಿ ಇರಬಹುದು. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆಯಾ ನೋಡಿ, ಅದು ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಂದೂರು. ಸಾಗರದಿಂದ ಸಿಗಂದೂರಿಗೆ ದಾರಿ ಕೇಳಿ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಹೊಸ ನಕ್ಷೆ ಸೇತುವೆ ಮೇಲೆ ಕರೆದೊಯ್ಯುತ್ತದೆ. ಹಳೆಯದು ಇನ್ನೂ ಲಾಂಚಿಗೆ ಕಾಯಿಸುತ್ತದೆ, ಇಲ್ಲವೇ ಹಿನ್ನೀರನ್ನೆಲ್ಲ ಬಳಸಿ ಎಷ್ಟೋ ದೂರ ಸುತ್ತಿಸುತ್ತದೆ. ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ ಇದು.

ಊರು ಹುಡುಕುವಾಗ ಸ್ಪೆಲ್ಲಿಂಗ್ ಬಗ್ಗೆ ತಾಳ್ಮೆ ಇರಲಿ. ತೀರ್ಥಹಳ್ಳಿಗೆ ಟಿ ಆದಮೇಲೆ ಎಚ್ ಇದೆಯೋ ಇಲ್ಲವೋ, ಒಂದು ಐ ಇದೆಯೋ ಎರಡು ಇ ಇದೆಯೋ, ಒಂದೊಂದು ನಕ್ಷೆಯಲ್ಲಿ ಒಂದೊಂದು ಥರ. ಸಿಗಲಿಲ್ಲ ಅಂದ ತಕ್ಷಣ ಊರೇ ಇಲ್ಲ ಅಂದುಕೊಳ್ಳಬೇಡಿ, ನಕ್ಷೆಯನ್ನು ಸರಿಸಿ ಕಣ್ಣಿನಿಂದ ನೋಡಿ.

ಬೀಗ ತೆಗೆಯುವುದು ಹೇಗೆ

ಡೌನ್‌ಲೋಡ್ ನಕ್ಷೆಯಾದರೆ ಹೆಚ್ಚು ಕೆಲಸ ಇಲ್ಲ. ಕಂಪ್ಯೂಟರ್‌ನಲ್ಲಿ ಗಾರ್ಮಿನ್ ಎಕ್ಸ್‌ಪ್ರೆಸ್ ಹಾಕಿ, ಖಾತೆ ತೆರೆದು, ಯುಎಸ್‌ಬಿ ವೈರ್‌ನಿಂದ ಡಿವೈಸ್ ಜೋಡಿಸಿ, ಅದನ್ನು ನಿಮ್ಮ ಖಾತೆಗೆ ಸೇರಿಸಿ. ಕೊಂಡ ನಕ್ಷೆ ತಾನಾಗಿ ತೋರಿಸುತ್ತದೆ. ನಕ್ಷೆಯ ಫೈಲ್ ಕೆಲವೊಮ್ಮೆ ಜಿಬಿಗಟ್ಟಲೆ ಇರುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುವುದು ಗೊತ್ತೇ ಇದೆ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಡಿವೈಸನ್ನೇ ಗೊಂದಲಕ್ಕೆ ಕೆಡವಬಹುದು. ಬ್ಯಾಟರಿ ತುಂಬಿರುವ ಲ್ಯಾಪ್‌ಟಾಪ್‌ನಲ್ಲಿ, ನೆಟ್ ಚೆನ್ನಾಗಿರುವ ಜಾಗದಲ್ಲಿ ಕೂತು ಮಾಡಿ. ಮನೆಯಲ್ಲಿ ನೆಟ್ ನಿಧಾನ ಇದ್ದರೆ ಶಿವಮೊಗ್ಗದ ನೆಂಟರ ಮನೆಗೆ ಹೋದಾಗ ಮುಗಿಸಿಕೊಳ್ಳಿ.

ಡಿವಿಡಿಯಾದರೆ ನಕ್ಷೆಯನ್ನು ಮೊದಲು ಕಂಪ್ಯೂಟರ್‌ಗೆ ಇಳಿಸಿ. ಮ್ಯಾಪ್‌ಸೋರ್ಸ್ ಅಥವಾ ಬೇಸ್‌ಕ್ಯಾಂಪ್ ಅನ್ನುವ ಗಾರ್ಮಿನ್ ತಂತ್ರಾಂಶ ತೆರೆದು 'ಮ್ಯಾನೇಜ್ ಮ್ಯಾಪ್ ಪ್ರಾಡಕ್ಟ್ಸ್' ಅನ್ನುವಲ್ಲಿಗೆ ಹೋಗಿ. ಡಿವೈಸ್ ಜೋಡಿಸಿರಲಿ. ನಿಮ್ಮ 8 ಅಕ್ಷರದ ಕೀ ಕೊಟ್ಟು ಪಡೆದ 25 ಅಕ್ಷರದ ಕೋಡನ್ನು ಅಲ್ಲಿ ಸೇರಿಸಿ. ಇಲ್ಲಿ ಒಂದು ಎಚ್ಚರ: ಮನೆಯಲ್ಲಿ ಎರಡು ಜಿಪಿಎಸ್ ಇದ್ದರೆ ಯಾವುದಕ್ಕೆ ಅನ್‌ಲಾಕ್ ಮಾಡುತ್ತಿದ್ದೀರಿ ಅಂತ ಯೂನಿಟ್ ಐಡಿಯನ್ನು ತಾಳೆ ನೋಡಿ. ತಪ್ಪು ಡಿವೈಸ್‌ಗೆ ಒತ್ತಿಬಿಟ್ಟರೆ ಕೀ ಖರ್ಚಾಯಿತು. ಆಮೇಲೆ ಬೇಕಾದಷ್ಟು ಭಾಗ ಆರಿಸಿ ಡಿವೈಸ್‌ಗೆ ಕಳಿಸಿ. ಇಡೀ ದೇಶ ಹಾಕುವ ಅಗತ್ಯ ಇಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ಉತ್ತರ ಕನ್ನಡ ಹಾಕಿದರೆ ನಮ್ಮ ಓಡಾಟ ಮುಗಿಯಿತು, ಅಲ್ವಾ?

25 ಅಕ್ಷರದ ಆ ಕೋಡನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರದ ಜೊತೆ ಇಡಿ. ಕಂಪ್ಯೂಟರ್ ಕೆಟ್ಟರೂ ಕೋಡ್ ಇರುತ್ತದೆ.

ನಕ್ಷೆ ಹಾಕಿದ ಮೇಲೂ ಕಾಣದಿದ್ದರೆ ಗಾಬರಿ ಬೇಡ. ಸೆಟಪ್‌ನಲ್ಲಿ ಮ್ಯಾಪ್, ಅದರಲ್ಲಿ ನಕ್ಷೆಗಳ ಪಟ್ಟಿ ತೆರೆದು ಅದನ್ನು 'ಎನೇಬಲ್' ಮಾಡಿದ್ದೀರಾ ನೋಡಿ. ಒಂದೇ ಜಾಗಕ್ಕೆ ಎರಡು ನಕ್ಷೆ ಒಟ್ಟಿಗೆ ಆನ್ ಇದ್ದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಒಂದನ್ನು ಆಫ್ ಮಾಡಿ. ಇಷ್ಟಾದರೂ 'ಕೆನಾಟ್ ಅನ್‌ಲಾಕ್' ಅಂತ ಬಂದರೆ ನಕ್ಷೆ ಬೇರೆ ಡಿವೈಸ್‌ದು ಅಥವಾ ಬೇರೆ ಕಾರ್ಡ್‌ನಿಂದ ಕಾಪಿ ಆದದ್ದು ಅಂತ ಅರ್ಥ.

ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು "ಕ್ರ್ಯಾಕ್ ಇದೆ, ಕೊಡ್ತೀನಿ" ಅನ್ನುತ್ತಾರೆ. ಬೇಡ. ಅದು ಕಳ್ಳತನ, ನಕ್ಷೆ ಮಾಡಲು ರಸ್ತೆ ರಸ್ತೆ ತಿರುಗಿದವರ ದುಡಿಮೆಯನ್ನು ಕದ್ದ ಹಾಗೆ. ಕೀ ಹುಟ್ಟಿಸುವ ಆ ತಂತ್ರಾಂಶಗಳ ಜೊತೆ ವೈರಸ್ ಬರಬಹುದು. ಡಿವೈಸ್ ಅಪ್‌ಡೇಟ್ ಆದ ದಿನ ನಕ್ಷೆ ನಿಂತುಹೋಗಬಹುದು, ಮತ್ತು ಆ ದಿನ ನೀವು ಕೊಡಚಾದ್ರಿಯ ಮಂಜಿನಲ್ಲಿ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಬೀಗವೇ ಇಲ್ಲದ ಒಳ್ಳೆಯ ನಕ್ಷೆ ಪುಕ್ಕಟೆ ಇರುವಾಗ ಕದಿಯುವ ಅಗತ್ಯವೇ ಇಲ್ಲ.

ಬೀಗ ಇಲ್ಲದ ನಕ್ಷೆ

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದದ್ದು. ಜನರೇ ಸೇರಿ ಮಾಡುವ ನಕ್ಷೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು. ಇದನ್ನು ಗಾರ್ಮಿನ್ ರೂಪಕ್ಕೆ ತಂದು ಕೊಡುವ ತಾಣಗಳಿವೆ. ಬಿಬಿಬೈಕ್ ತಾಣದಲ್ಲಿ ನಿಮಗೆ ಬೇಕಾದ ಜಾಗಕ್ಕೆ ಒಂದು ಚೌಕ ಎಳೆದು, ಗಾರ್ಮಿನ್ ಅಂತ ಆರಿಸಿ, ಇಮೇಲ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಫೈಲ್ ತಯಾರಾಗುತ್ತದೆ. ಓಪನ್‌ಟೊಪೊಮ್ಯಾಪ್‌ನಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳೂ ಸಿಗುತ್ತವೆ.

ಹಾಕುವ ಕ್ರಮ ಹೀಗೆ. ಮೈಕ್ರೋ ಎಸ್‌ಡಿ ಕಾರ್ಡನ್ನು ಫ್ಯಾಟ್32 (ಕಾರ್ಡ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ) ಆಗಿ ಫಾರ್ಮ್ಯಾಟ್ ಮಾಡಿ. ಅದರಲ್ಲಿ 'ಗಾರ್ಮಿನ್' ಅನ್ನುವ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ. ಇಳಿಸಿದ ಫೈಲನ್ನು ಅದರೊಳಗೆ ಹಾಕಿ. ಹಳೆಯ ಡಿವೈಸ್ ಆದರೆ ಫೈಲಿನ ಹೆಸರು ಜಿ-ಎಂ-ಎ-ಪಿ-ಎಸ್-ಯು-ಪಿ-ಪಿ ಡಾಟ್ ಐ-ಎಂ-ಜಿ ಅಂತಲೇ ಇರಬೇಕು, ಬೇರೆ ಹೆಸರಿದ್ದರೆ ಅದಕ್ಕೆ ಕಾಣುವುದಿಲ್ಲ. ಹೊಸ ಡಿವೈಸ್‌ಗಳು ಹೆಸರು ಏನೇ ಇದ್ದರೂ ಕೊನೆಯಲ್ಲಿ ಡಾಟ್ ಐ-ಎಂ-ಜಿ ಇದ್ದರೆ ಓದುತ್ತವೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರುವ ಹಾಗಿಲ್ಲ, ನಮ್ಮ ಭಾಗಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಕಾರ್ಡ್ ಹಾಕಿ, ಆನ್ ಮಾಡಿ, ಎನೇಬಲ್ ಮಾಡಿ. ಕೋಡ್ ಇಲ್ಲ, ಕೀ ಇಲ್ಲ. ಒಂದು ಮಾತು: ಕಾರ್ಡ್ ಜಾಗವೇ ಇಲ್ಲದ ಇಟ್ರೆಕ್ಸ್ 10 ಥರದ ಡಿವೈಸನ್ನು ನಕ್ಷೆಗಾಗಿ ಕೊಳ್ಳಬೇಡಿ.

ಮಲೆನಾಡಿಗೆ ನಾನು ಈ ನಕ್ಷೆಯನ್ನೇ ಹೇಳುತ್ತೇನೆ, ಪುಕ್ಕಟೆ ಅನ್ನುವುದಕ್ಕಲ್ಲ. ಮಾರುವ ನಕ್ಷೆಗಳು ಕಾರು ಓಡುವ ರಸ್ತೆಗೆ ಮಾಡಿದವು. ನಮ್ಮ ಊರುಗಳು ಇರುವುದು ರಸ್ತೆ ಮುಗಿದ ಮೇಲೆ. ದಣಪೆ ದಾಟಿ, ಬ್ಯಾಣದ ಅಂಚಿನಲ್ಲಿ ನಡೆದು, ಸಂಕ ದಾಟಿ ಒಂದೊಂದು ಮನೆ. ಆ ಕಾಲುದಾರಿ ಯಾವ ಕಂಪನಿಯ ನಕ್ಷೆಯಲ್ಲೂ ಬರುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಎಲ್ಲ ಇಲ್ಲ, ಆದರೆ ಇಲ್ಲದ್ದನ್ನು ನೀವೇ ಸೇರಿಸಬಹುದು. ನಡೆಯುವಾಗ ಟ್ರ್ಯಾಕ್, ಅಂದರೆ ನಡೆದ ಗೆರೆ, ರೆಕಾರ್ಡ್ ಮಾಡಿ, ಮನೆಗೆ ಬಂದು ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ತಾಣಕ್ಕೆ ಏರಿಸಿ, ಅದರ ಮೇಲೆ ದಾರಿ ಎಳೆಯಿರಿ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತುಂಬಿ. ನನ್ನ ಡಿವೈಸ್‌ನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಇಂಗ್ಲಿಷ್ ಹೆಸರು ಇಲ್ಲದಿದ್ದರೆ ಊರು ಬರೀ ಖಾಲಿ ಚುಕ್ಕೆಯಾಗಿ ಕಾಣುತ್ತದೆ. ಸೇರಿಸುವಾಗ ಒಂದು ಎಚ್ಚರ: ಯಾರದೋ ಮನೆಯಂಗಳದ ದಾರಿಯನ್ನು ಅವರನ್ನು ಕೇಳದೆ ಹಾಕಬೇಡಿ, ದೇವರಕಾಡಿನ ಒಳದಾರಿಯನ್ನೂ ಹಾಕಬೇಡಿ.

ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. 1:50,000 ಅಳತೆಯವು, ಹಳ್ಳ, ಗುಡ್ಡಗಳ ವಿವರ ಚೆನ್ನಾಗಿದೆ. ಅದರ ಚಿತ್ರವನ್ನು ಗೂಗಲ್ ಅರ್ತ್‌ನಲ್ಲಿ ಸರಿಯಾದ ಜಾಗಕ್ಕೆ ಕೂರಿಸಿ, ಚಿತ್ರ, ಅದರ ಜಾಗ ಎರಡೂ ಸೇರಿರುವ ಕೆಎಂಜೆಡ್ ಫೈಲ್ ಮಾಡಿ, ಡಿವೈಸ್‌ನ 'ಕಸ್ಟಮ್ ಮ್ಯಾಪ್ಸ್' ಫೋಲ್ಡರ್‌ಗೆ ಹಾಕಬಹುದು. ಹಲವು ಹ್ಯಾಂಡ್‌ಹೆಲ್ಡ್‌ಗಳಲ್ಲಿ ಇಂಥ ಚಿತ್ರದ 100 ತುಂಡುಗಳಿಗೆ ಮಾತ್ರ ಜಾಗ. ಅಜ್ಜನ ಕಾಲದ ಹಳೆಯ ಟೊಪೊ ಶೀಟ್ (ಎತ್ತರ ತಗ್ಗು ತೋರಿಸುವ ಕಾಗದದ ನಕ್ಷೆ) ಮನೆಯಲ್ಲಿದ್ದರೆ ಅದರ ಲೆಕ್ಕ ಎವರೆಸ್ಟ್ ಡೇಟಮ್‌ನಲ್ಲಿ ಇರುತ್ತದೆ. ಡೇಟಮ್ ಅಂದರೆ ಭೂಮಿಯ ಮೇಲೆ ಜಾಗ ಗುರುತಿಸಲು ಹಿಡಿದ ಆಧಾರ ಲೆಕ್ಕ. ಜಿಪಿಎಸ್‌ನದು ಡಬ್ಲ್ಯೂಜಿಎಸ್ 84. ಇವೆರಡನ್ನು ಬೆರೆಸಿದರೆ ನಮ್ಮ ಕಡೆ ನೂರು ಮೀಟರ್‌ಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ಹಳ್ಳದ ಈ ದಡದ ಮನೆ ಆ ದಡಕ್ಕೆ ಹೋಗುತ್ತದೆ.

ಹೊರಡುವ ಮುಂಚೆ ಪರೀಕ್ಷೆ

ಮೊದಲು ಅಕ್ಷಾಂಶ, ರೇಖಾಂಶದ ಸಂಖ್ಯೆ ಬರೆಯುವ ರೀತಿ ನೋಡಿ. ಆಗುಂಬೆ ಸುಮಾರು 13.50 ಡಿಗ್ರಿ ಉತ್ತರದಲ್ಲಿದೆ, ಅಂದರೆ ಹದಿಮೂರೂವರೆ ಡಿಗ್ರಿ. ಒಂದು ಡಿಗ್ರಿಗೆ 60 ಮಿನಿಟ್. ಇದನ್ನು 13 ಡಿಗ್ರಿ 50 ಮಿನಿಟ್ ಅಂತ ಹಾಕಿದರೆ ಜಾಗ ಸುಮಾರು 37 ಕಿಲೋಮೀಟರ್ ಉತ್ತರಕ್ಕೆ ಸರಿದು ಹೊಸನಗರದ ಹತ್ತಿರಕ್ಕೆ ಹೋಗುತ್ತದೆ. ಜೊತೆಯವರೆಲ್ಲ ಒಂದೇ ರೀತಿ ಇಟ್ಟುಕೊಳ್ಳಿ.

ದಟ್ಟ ಕಾನಿನಲ್ಲಿ ಸಿಗ್ನಲ್ ತಡವಾಗಿ ಸಿಗುತ್ತದೆ, ಒದ್ದೆ ಎಲೆಗಳ ಕೆಳಗೆ ಇನ್ನೂ ಕಷ್ಟ. ಬಯಲಿನಲ್ಲೇ ಆನ್ ಮಾಡಿ, ಉಪಗ್ರಹಗಳು ಸಿಕ್ಕ ಮೇಲೆ ಕಾಡಿನೊಳಗೆ ಹೋಗಿ. ಎತ್ತರದ ಗೆರೆಗಳನ್ನೂ ಪೂರ್ತಿ ನಂಬಬೇಡಿ. ಪುಕ್ಕಟೆ ನಕ್ಷೆಗಳ ಆ ಗೆರೆಗಳು ಹೆಚ್ಚಾಗಿ 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದ ಲೆಕ್ಕದಿಂದ ಬಂದವು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲದ ಬದಲು ಮರದ ತಲೆಯ ಹತ್ತಿರದ ಎತ್ತರ ಕೊಟ್ಟಿರುತ್ತದೆ. ಚಿಕ್ಕ ಕಣಿವೆ, ದರೆ ಅದರಲ್ಲಿ ಮುಚ್ಚಿಹೋಗಬಹುದು.

ಶರಾವತಿ ಹಿನ್ನೀರಿನ ಅಂಚೂ ಹಾಗೆಯೇ. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ, ನಕ್ಷೆಯ ನೀಲಿ ಬಣ್ಣ ಹೆಚ್ಚಾಗಿ ಆ ಮಟ್ಟಕ್ಕೆ ಬಳಿದಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟೇ ಮೇಲೆ ಬರುತ್ತದೆ, ನಕ್ಷೆಯಲ್ಲಿ ನೀವು ನೀರಿನ ನಡುವೆ ನಿಂತ ಹಾಗೆ ಕಾಣುತ್ತೀರಿ. ಮಳೆಗಾಲದಲ್ಲಿ ಇದರ ಉಲ್ಟಾ, ಹಳ್ಳದಲ್ಲಿ ಕಾಣುವ ದಾರಿಯಲ್ಲಿ ಎದೆಮಟ್ಟದ ನೀರಿರುತ್ತದೆ. ದಾರಿಯಲ್ಲಿ ಸಿಕ್ಕ ಮನೆಯವರನ್ನು ಕೇಳಿ. ಯಾವ ಸಂಕ ಕೊಚ್ಚಿಹೋಗಿದೆ ಅಂತ ಅವರಿಗೇ ಗೊತ್ತು.

ಕೊನೆಯದಾಗಿ, ಮನೆ ಹತ್ತಿರವೇ ಒಂದು ಸುತ್ತು ಹಾಕಿ. ಗೇಟಿನಿಂದ ತೋಟಕ್ಕೆ, ತೋಟದಿಂದ ಸೊಪ್ಪಿನಬೆಟ್ಟಕ್ಕೆ, ಅಲ್ಲಿಂದ ವಾಪಸ್. ನಡೆದ ಗೆರೆ ನಿಮಗೆ ಗೊತ್ತಿರುವ ದಾರಿಯ ಮೇಲೇ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಡಿವೈಸ್ ಆಫ್ ಮಾಡಿ, ಇನ್ನೆರಡು ಸೆಲ್ ಜೊತೆಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿ.